ಹುಳದ ಮನೆಯ ಕೈ

ರಾಮನಗರದ ಹತ್ತಿರದ ಕೈಲಾಂಚದಿಂದ ಒಳಕ್ಕೆ ಹೋಗುವ ಆ ಸಣ್ಣ ಊರಿನಲ್ಲಿ ಮುನಿಯಪ್ಪನ ಮನೆಯ ರೇಷ್ಮೆಹುಳ ಕೆಟ್ಟಿತು ಎಂಬ ಮಾತನ್ನು ಮೂರು ವರ್ಷದಿಂದ ಯಾರೂ ಕೇಳಿರಲಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಹುಳ ರೋಗ ಬಡಿದು ಹಾಲುಗಟ್ಟಿ ಸತ್ತು ಬುಟ್ಟಿಗಟ್ಟಲೆ ತಿಪ್ಪೆಗೆ ಹೋದ ಕಾಲದಲ್ಲೂ ಅವನ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಗೇ ಹೋಗುತ್ತಿತ್ತು. ಔಷಧಿ ಸರಿಯಾಗಿ ಹೊಡೆದಿದ್ದಾನೆ, ಗಾಳಿ ಬೆಳಕು ನೋಡಿಕೊಂಡಿದ್ದಾನೆ ಎಂದು ರೇಷ್ಮೆ ಇಲಾಖೆಯವರು ಕಾರಣ ಕೊಡುತ್ತಿದ್ದರು. ಊರು ಕೊಡುತ್ತಿದ್ದ ಕಾರಣವೇ ಬೇರೆ.

"ಆ ಮನೇಲಿ ಹೊರಗಾಗೋ ಹೆಂಗಸ್ರೇ ಇಲ್ಲ ಕಣಪ್ಪ. ಮೈಲಿಗೆ ಅನ್ನೋದು ಆ ಬಾಗ್ಲು ದಾಟಿಲ್ಲ."

ಮಾತು ಪೂರ್ತಿ ಸುಳ್ಳಲ್ಲ. ಮುನಿಯಪ್ಪನ ಹೆಂಡತಿ ವೆಂಕಟಲಕ್ಷ್ಮಮ್ಮ ಎರಡನೇ ಬಾಣಂತನದ ಮಗು ಉಳಿಯದೆ, ಮುಂದೆ ಒಂದು ದಿನ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಾಗ ಗರ್ಭಕೋಶ ತೆಗೆಸಿಕೊಂಡು ಬಂದಿದ್ದಳು. ಉಳಿದವಳು ಒಬ್ಬಳೇ ಮಗಳು, ಭಾನುಪ್ರಿಯ. ಇಪ್ಪತ್ನಾಲ್ಕು ವಯಸ್ಸು, ರಾಮನಗರದಲ್ಲಿ ಬಿ.ಕಾಂ. ಮುಗಿಸಿದ್ದಾಳೆ. ಅವಳಿಗೆ ಮುಟ್ಟು ಬರುತ್ತಿದ್ದದ್ದು ದೂರದ ನೆಂಟರು ಬಂದ ಹಾಗೆ. ಒಂದು ತಿಂಗಳು ಬಂದರೆ ನಾಲ್ಕು ತಿಂಗಳು ಪತ್ತೆ ಇಲ್ಲ.

ಮುಟ್ಟಾದ ಹೆಂಗಸು ಹುಳದ ಮನೆಯ ಹೊಸ್ತಿಲು ತುಳಿಯಬಾರದು ಎನ್ನುವುದು ಆ ಕಡೆಯ ಕಟ್ಟು. ಹುಳ ಎಂದರೆ ದೇವರು, ಅದಕ್ಕೆ ಆ ವಾಸನೆ ಆಗದು ಎನ್ನುತ್ತಾರೆ. ಬೇರೆ ಮನೆಗಳಲ್ಲಿ ಹೆಂಗಸರು ಮೂರು ದಿನ ಜಗಲಿ ಮೇಲೆ ಕೂರುತ್ತಾರೆ. ಆ ಮೂರು ದಿನ ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು ಗಂಡಸರ ತಲೆಗೆ ಬರುತ್ತದೆ. ಗಂಡಸರು ಬೈದುಕೊಂಡು ಮಾಡುತ್ತಾರೆ, ಅರ್ಧಂಬರ್ಧ ಮಾಡುತ್ತಾರೆ. ಮುನಿಯಪ್ಪನ ಮನೆಯಲ್ಲಿ ಆ ರಗಳೆಯೇ ಇಲ್ಲ. ಹೀಗಾಗಿ ಅವನು ಬೇರೆಯವರಿಗಿಂತ ಎರಡರಷ್ಟು ಹುಳ ಸಾಕುತ್ತಿದ್ದ, ಪಕ್ಕಕ್ಕೆ ಇನ್ನೊಂದು ಹುಳದ ಮನೆಯನ್ನೂ ಎಬ್ಬಿಸಿದ್ದ. ಒಂದರಲ್ಲಿ ಹುಳ ಹಣ್ಣಾಗಿ ಗೂಡಿಗೆ ಬರುವ ಹೊತ್ತಿಗೆ ಇನ್ನೊಂದರಲ್ಲಿ ಚಾಕಿ, ಅಂದರೆ ಮರಿ ಹುಳ, ಸೊಪ್ಪಿಗೆ ಬಾಯಿ ಹಾಕುತ್ತಿರಬೇಕು. ಅದು ಅವನ ಲೆಕ್ಕ.

ಬರಬರುತ್ತ ಭಾನುಪ್ರಿಯಳದು ಕೈಗುಣ ಎಂದೇ ಆಯಿತು. ಚಾಕಿ ಹುಳ ತಂದ ದಿನ ಮೊದಲ ಸೊಪ್ಪು ಅವಳಿಂದ ಹಾಕಿಸಲು ಊರಿನವರು ಕರೆಯುತ್ತಿದ್ದರು. ಆಚೆ ಬೀದಿಯ ಹುಚ್ಚಯ್ಯನಂತೂ ಮನೆಗೇ ಬಂದು, "ಏನವ್ವ ಭಾನು, ಬಂದು ಒಂದಿಡಿ ಸೊಪ್ಪು ಹಾಕ್ಬುಟ್ಟು ಓಗು. ನಿನ್ ಕೈಲಿ ಲಕ್ಷ್ಮಿ ಅವ್ಳೆ" ಎಂದು ಕೈ ಮುಗಿಯುತ್ತಿದ್ದ. ವೆಂಕಟಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಹೆಮ್ಮೆ ಪಡುತ್ತಿದ್ದಳು. ಭಾನುಪ್ರಿಯ ಹೋಗಿ ಸೊಪ್ಪು ಹಾಕಿ, ಅವರು ಕೊಟ್ಟ ಕಾಫಿ ಕುಡಿದು ಬರುತ್ತಿದ್ದಳು. ಗದ್ದದ ಮೇಲೆ ಬೆಳೆದ ಕೂದಲು ಕಾಣದಿರಲೆಂದು ವೇಲನ್ನು ಬಾಯಿವರೆಗೆ ಎಳೆದುಕೊಂಡಿರುತ್ತಿದ್ದಳು. ಅದನ್ನು ಊರು ನಾಚಿಕೆ ಎಂದುಕೊಂಡಿತ್ತು.

ಕೂದಲು ಬೆಳೆಯಬಾರದ ಕಡೆ ಬೆಳೆಯುತ್ತಿತ್ತು, ಇರಬೇಕಾದ ಕಡೆಯಿಂದ ಬಾಚಣಿಗೆ ತುಂಬ ಉದುರುತ್ತಿತ್ತು. ತಿನ್ನುವುದು ಮೊದಲಿನಷ್ಟೇ, ಮೈ ಮಾತ್ರ ಊದುತ್ತಿತ್ತು. ಕತ್ತಿನ ಸುತ್ತ ಕಪ್ಪಗೆ ಪಟ್ಟೆ ಕಟ್ಟಿತ್ತು. ತಾಯಿ ಅದನ್ನು ಕೊಳೆ ಎಂದು ತಿಳಿದು ಶನಿವಾರ ಶನಿವಾರ ಬಚ್ಚಲಲ್ಲಿ ಕೂರಿಸಿ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದಳು. "ಡಿಗ್ರಿ ಓದವ್ಳೆ, ಕತ್ತು ತೊಳ್ಕಳಕ್ಕೆ ಬರಾಕಿಲ್ಲ" ಎಂದು ಬೈಯುತ್ತ, ಚರ್ಮ ಕೆಂಪಾಗುವ ತನಕ ತಿಕ್ಕುತ್ತಿದ್ದಳು. ಕಪ್ಪು ಹೋಗಲಿಲ್ಲ.

ಭಾನುಪ್ರಿಯಳಿಗೆ ಬೇಕಾಗಿದ್ದದ್ದು ದೊಡ್ಡ ಸಂಗತಿಯೇನಲ್ಲ. ತನ್ನ ಮೈಗೆ ಏನಾಗಿದೆ ಎಂದು ಗೊತ್ತಿರುವ ಒಬ್ಬರು ಸಿಗಬೇಕು, ಎದುರಿಗೆ ಕೂರಿಸಿಕೊಂಡು ಹೇಳಬೇಕು. ಅಷ್ಟೇ.

ಮೊದಲು ಹೋದದ್ದು ರಾಮನಗರದ ಒಬ್ಬ ಲೇಡಿ ಡಾಕ್ಟರ ಹತ್ತಿರ. ಆಯಮ್ಮ ಮೊಬೈಲಿನಿಂದ ತಲೆ ಎತ್ತದೆ ಸ್ಕ್ಯಾನ್ ಬರೆದುಕೊಟ್ಟಳು. ಸ್ಕ್ಯಾನ್ ನೋಡಿ, "ಪಿಸಿಓಡಿ. ಅಂಡಾಶಯದಲ್ಲಿ ನೀರುಗುಳ್ಳೆ. ಮದ್ವೆ ಆಗಿದ್ಯಾ?" ಎಂದಳು.

"ಇಲ್ಲ ಮೇಡಂ."

"ಆಗು, ಸರಿಹೋಗುತ್ತೆ. ಅನ್ನ ಕಮ್ಮಿ ಮಾಡು. ಈ ಮಾತ್ರೆ ಒಂದು ವಾರ ತಗೊಂಡು ನಿಲ್ಲಿಸು. ನಿಲ್ಲಿಸಿದ ಮೇಲೆ ಮುಟ್ಟಾಗ್ತೀಯ. ನೆಕ್ಸ್ಟ್."

ಆ ಮಾತ್ರೆ ಕೆಲಸ ಮಾಡಿತು. ನುಂಗುವುದನ್ನು ನಿಲ್ಲಿಸಿದ ಮೂರ್ನಾಲ್ಕು ದಿನಕ್ಕೆ ಬಂತು. ಆದರೆ ಅದನ್ನು ಗಮನಿಸಿದ ವೆಂಕಟಲಕ್ಷ್ಮಮ್ಮನ ತಲೆ ಬೇರೆ ದಿಕ್ಕಿಗೆ ಓಡಿತು. ನಿಲ್ಲಿಸಿದರೆ ಬರುತ್ತದೆ. ನಿಲ್ಲಿಸುವ ತನಕ ಬರುವುದಿಲ್ಲ. ಅಂದರೆ ಹುಳ ಮನೆಗೆ ಬಂದ ದಿನ ಶುರು ಮಾಡಿ ಗೂಡು ಬಿಡಿಸುವ ತನಕ ನುಂಗಿಸಿದರೆ ಬೆಳೆಗೆ ಭಯವಿಲ್ಲ. ಹೇಳದೆ ಕೇಳದೆ ಬರುವ ನೆಂಟರನ್ನು ಬಾಗಿಲಲ್ಲೇ ತಡೆಯಬಹುದು. ಮುಟ್ಟು ತರಿಸಲು ಕೊಟ್ಟ ಔಷಧಿ ಆ ಮನೆಯಲ್ಲಿ ಮುಟ್ಟು ತಡೆಯುವ ಔಷಧಿಯಾದದ್ದು ಹೀಗೆ. ಮಾತ್ರೆಯ ಖಾಲಿ ಪಟ್ಟಿ ತೋರಿಸಿದರೆ ಕೈಲಾಂಚದ ಮೆಡಿಕಲ್ ಸ್ಟೋರಿನವನು ಚೀಟಿ ಕೇಳದೆ ಇನ್ನೊಂದು ಕೊಡುತ್ತಿದ್ದ. ಬೆಳಿಗ್ಗೆ ಕಾಫಿಯ ಲೋಟದ ಪಕ್ಕದಲ್ಲಿ ಮಾತ್ರೆ ಇರುತ್ತಿತ್ತು.

"ಯಾಕವ್ವ ದಿನಾ?" ಎಂದು ಭಾನುಪ್ರಿಯ ಮೊದಮೊದಲು ಕೇಳಿದ್ದಳು.

"ತಿರುಪತಿಗೆ ಓಗೋವಾಗ ಎಲ್ಲಾರೂ ನುಂಗಾಕಿಲ್ವಾ? ಅವ್ರಿಗೇನಾಯ್ತು? ನುಂಗಮ್ಮಿ ಸುಮ್ಕೆ. ನಾನು ಗರ್ಬುದ್ ಚೀಲನೇ ತಗ್ಸ್ಕಂಡಿಲ್ವಾ, ಎಂಗಿವ್ನಿ ನೋಡು."

ತಾಯಿ ಹೇಗಿದ್ದಳೆಂದರೆ ಸೊಂಟ ಹಿಡಿದುಕೊಂಡೇ ಏಳುತ್ತಿದ್ದಳು, ಗೋಡೆ ಹಿಡಿದುಕೊಂಡೇ ಕೂರುತ್ತಿದ್ದಳು.

ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಹುಳದ ಮನೆಗೆ ಬ್ಲೀಚಿಂಗ್ ಪೌಡರ್ ಹೊಡೆಯುತ್ತಾರಲ್ಲ, ಆ ದಿನಗಳಲ್ಲಿ ಅವಳು ಹೊರಗಾಗುತ್ತಿದ್ದಳು. ಎರಡನೇ ಹುಳದ ಮನೆ ಎದ್ದ ಮೇಲೆ ಆ ಬಿಡುವೂ ಕಿರಿದಾಯಿತು.

ಮೈ ಊದುವುದು ನಿಲ್ಲಲಿಲ್ಲವಾದ್ದರಿಂದ ಡಾಕ್ಟರರ ಹುಡುಕಾಟವೂ ನಿಲ್ಲಲಿಲ್ಲ. ಚನ್ನಪಟ್ಟಣದ ಚರ್ಮದ ಡಾಕ್ಟರು ಕೊಟ್ಟ ಮುಲಾಮಿಗೆ ಮುಖ ಸುಲಿದು ಕೆಂಪಾಯಿತು, ಕೂದಲು ಹಾಗೇ ಇತ್ತು. ಮಾಗಡಿ ಕಡೆ ಯಾರೋ ನಾಟಿ ಔಷಧಿ ಕೊಡುತ್ತಾರೆಂದು ತಾಯಿಯೇ ಕರೆದುಕೊಂಡು ಹೋದಳು. ಮಜ್ಜಿಗೆಯಲ್ಲಿ ಕಲಸಿ ಕುಡಿದ ಪುಡಿಗೆ ಎರಡು ದಿನ ಹೊಟ್ಟೆ ಕೆಟ್ಟದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. "ಒಳಗಿರೋ ಕೆಟ್ಟದ್ದು ಓಯ್ತು ಬುಡು" ಎಂದಳು ತಾಯಿ.

ಕನಕಪುರದ ಬಸ್ ಸ್ಟ್ಯಾಂಡಿನ ಎದುರು ಒಂದು ಫ್ಲೆಕ್ಸ್ ಇತ್ತು. ಗುಂಡುಗುಂಡಗಿನ ಬಿಳಿ ಮಕ್ಕಳು, ಅವುಗಳ ನಡುವೆ ಕೈಕಟ್ಟಿ ನಿಂತ ಡಾಕ್ಟರು, ಕೆಳಗೆ 'ಪಿಸಿಓಡಿ ಸಂಪೂರ್ಣ ಗುಣ'. ಸಂಪೂರ್ಣ ಎಂಬ ಪದಕ್ಕೆ ಮರುಳಾಗಿ ಭಾನುಪ್ರಿಯ ಒಬ್ಬಳೇ ಹೋದಳು. ಒಳಗೆ ಹೋಟೆಲಿನ ಹಾಗೆ ತಣ್ಣಗಿತ್ತು. ಕೌಂಟರಿನ ಹುಡುಗಿ ನಗುತ್ತ, "ಯಜಮಾನ್ರು ಬಂದಿಲ್ವಾ ಮೇಡಂ?" ಎಂದಳು.

"ನಂಗೆ ಮದ್ವೆ ಆಗಿಲ್ಲ."

ನಗು ಅರ್ಧಕ್ಕೆ ನಿಂತಿತು. "ಹಂಗಾದ್ರೆ ಯಾತಕ್ಕೆ ಬಂದ್ರಿ?"

"ಪಿಸಿಓಡಿಗೆ. ಹೊರಗಡೆ ಹಾಕಿದ್ದೀರಲ್ಲ."

"ಅದು ಮಕ್ಳಾಗ್ದೇ ಇರೋರಿಗೆ ಮೇಡಂ. ನೀವು ಮದ್ವೆ ಆದ್ಮೇಲೆ ಬನ್ನಿ. ಇಬ್ರಿಗೂ ಸೇರಿಸಿ ಪ್ಯಾಕೇಜ್ ಐತೆ."

ಅಂದರೆ ಅವಳ ಕಾಯಿಲೆ ಕಾಯಿಲೆಯಾಗಬೇಕಾದರೂ ಒಬ್ಬ ಗಂಡ ಬೇಕಾಗಿತ್ತು. ವಾಪಸ್ಸು ಬರುವ ಬಸ್ಸಿನಲ್ಲಿ ಹಾರೋಹಳ್ಳಿಯ ಫ್ಯಾಕ್ಟರಿ ಪಾಳಿ ಬಿಟ್ಟ ಹುಡುಗಿಯರು ತುಂಬಿಕೊಂಡಿದ್ದರು. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಡಿಗ್ರಿ ಮುಗಿದ ವರ್ಷ ಭಾನುಪ್ರಿಯಳಿಗೂ ಅಲ್ಲಿ ಕೆಲಸ ಸಿಕ್ಕಿತ್ತು. ಹುಳ ನೋಡಲು ಕೈ ಸಾಲದು ಎಂದು ತಂದೆ ಕಳಿಸಲಿಲ್ಲ.

ಗೂಡು ಮಾರಲು ತಂದೆಯ ಜೊತೆ ರಾಮನಗರದ ಮಾರುಕಟ್ಟೆಗೆ ಹೋದಾಗ ಮೆಹ್ರೀನ್ ಸಿಕ್ಕಳು. ಕಾಲೇಜಿನಲ್ಲಿ ಒಂದೇ ಬೆಂಚಿನವಳು. ಅವಳ ಮನೆಯವರದು ಗೂಡಿನಿಂದ ನೂಲು ತೆಗೆಯುವ ಕಸುಬು, ಅಣ್ಣನ ಜೊತೆ ಗೂಡು ನೋಡಲು ಬಂದಿದ್ದಳು. ಭಾನುಪ್ರಿಯಳ ವೇಲನ್ನು ತಾನೇ ಕೆಳಗೆಳೆದು ಗದ್ದ ನೋಡಿದಳು.

"ನಿಂದೂ ಇದೇನಾ? ಮೊದ್ಲೇ ಹೇಳಬಾರದಾ ಕತ್ತೆ. ನಂದೂ ಅದೇ ಕಣೇ."

"ಯಾರಿಗೆ ತೋರ್ಸಿದೆ?"

"ಎಲ್ರಿಗೂ ತೋರ್ಸಿದೀನಿ, ಮ್ಯೂಸಿಯಂ ಥರ. ಕೊನೆಗೆ ಒಬ್ರು ಸಿಕ್ಕಿದ್ರು. ಚನ್ನಪಟ್ಟಣ ಪೇಟೆ ಬೀದೀಲಿ ಒಂದು ಲ್ಯಾಬ್ ಐತಲ್ಲ, ಅದರ ಮಹಡಿ ಮೇಲೆ. ಗುರುವಾರ ಮಧ್ಯಾಹ್ನ ಬೆಂಗಳೂರಿಂದ ಬರ್ತಾರೆ. ಹಾರ್ಮೋನ್ ಡಾಕ್ಟ್ರು, ಗಿರಿಜಾಂಬ ಅಂತ. ಬಾಯಿ ಒಸಿ ಖಾರ. ಆದ್ರೆ ಗೊತ್ತೈತೆ ಆಯಮ್ಮಂಗೆ."

ಭಾನುಪ್ರಿಯ ಮಾತ್ರೆಯ ಸಂಗತಿ ಹೇಳಿದಳು. ಮೆಹ್ರೀನ್ ರಾಶಿಯಿಂದ ಒಂದು ಗೂಡು ಎತ್ತಿ ಅವಳ ಅಂಗೈಗೆ ಹಾಕಿದಳು.

"ಹುಳಕ್ಕೆ ಮೈಲಿಗೆ ಆಗ್ತದೆ ಅಂತ ನೀನು ಮಾತ್ರೆ ನುಂಗ್ತೀಯ. ನಾವು ಅದೇ ಹುಳಾನ ತಗೊಂಡೋಗಿ ಕುದಿಯೋ ನೀರಿಗೆ ಹಾಕ್ತೀವಿ. ನಾನು ಯಾವ ದಿನ ಹಾಕ್ದೆ ಅಂತ ಅದು ಕೇಳಲ್ಲಮ್ಮ."

ಗುರುವಾರ ತಾಯಿಯೂ ಜೊತೆಗೆ ಬಂದಳು. ಒಬ್ಬಳನ್ನೇ ಕಳಿಸಿದರೆ ಏನು ಹೇಳಿಬಿಡುತ್ತಾಳೋ ಎಂಬ ಭಯವಿತ್ತು. ಲ್ಯಾಬಿನ ಮೆಟ್ಟಿಲ ಪಕ್ಕದಲ್ಲಿ ಒಂದು ಸಣ್ಣ ತಗಡಿನ ಬೋರ್ಡು ಬಿಟ್ಟರೆ ಡಾಕ್ಟರಿದ್ದಾರೆ ಎನ್ನುವುದಕ್ಕೆ ಬೇರೆ ಗುರುತಿರಲಿಲ್ಲ. ಮೇಲೆ ಸಕ್ಕರೆ ಕಾಯಿಲೆಯ ಒಬ್ಬ ಮುದುಕ ಬೆಂಚಿನಲ್ಲಿ ತೂಕಡಿಸುತ್ತಿದ್ದ. "ಜನವೇ ಇಲ್ಲ. ಇದ್ಯಾವ ದೊಡ್ಡ ಡಾಕ್ಟ್ರಮ್ಮಿ?" ಎಂದಳು ವೆಂಕಟಲಕ್ಷ್ಮಮ್ಮ.

ಗಿರಿಜಾಂಬ ಐವತ್ತು ದಾಟಿದ ಹೆಂಗಸು, ನರೆತ ಕೂದಲು, ಕಾಟನ್ ಸೀರೆ. ಭಾನುಪ್ರಿಯ ಹಳೆಯ ಸ್ಕ್ಯಾನುಗಳನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಅವನ್ನು ಬದಿಗೆ ಸರಿಸಿದರು. ಎದ್ದು ಬಂದು ಕತ್ತು ನೋಡಿದರು, ಗದ್ದ ನೋಡಿದರು.

"ಇದನ್ನ ಯಾರು ಇಷ್ಟು ತಿಕ್ಕಿರೋದು?"

"ಕೊಳೆ ಮೇಡಂ" ಎಂದಳು ತಾಯಿ.

"ಕೊಳೆ ಅಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೇ ಇದ್ದಾಗ ಹೀಗೆ ಕಪ್ಪಾಗುತ್ತೆ. ಇನ್ನು ಮೇಲೆ ತಿಕ್ಕಬೇಡಿ." ಕುರ್ಚಿಗೆ ಮರಳಿ ಕೇಳಿದರು: "ಕಳೆದ ಸಲ ಮುಟ್ಟಾಗಿದ್ದು ಯಾವಾಗ?"

ಭಾನುಪ್ರಿಯ ಹೇಳಿದಳು. ಉಳಿದ ಡಾಕ್ಟರರೂ ಇದನ್ನು ಕೇಳಿದ್ದರು, ಬರೆದುಕೊಂಡಿದ್ದರು, ಮುಂದಕ್ಕೆ ಹೋಗಿದ್ದರು. ಇವರು ಬರೆದುಕೊಳ್ಳದೆ ತಲೆ ಎತ್ತಿದರು.

"ತಾನಾಗೇ ಬಂತೋ, ಮಾತ್ರೆ ನಿಲ್ಲಿಸಿದ್ದಕ್ಕೆ ಬಂತೋ?"

"ತಾನಾಗೇ ಮೇಡಂ" ಎಂದಳು ವೆಂಕಟಲಕ್ಷ್ಮಮ್ಮ ತಟ್ಟನೆ.

"ನಿಮ್ಮನ್ನ ಕೇಳಲಿಲ್ಲಮ್ಮ."

ತಾಯಿಯ ಮೊಣಕಾಲು ಮೇಜಿನ ಕೆಳಗೆ ಭಾನುಪ್ರಿಯಳ ಮೊಣಕಾಲಿಗೆ ಒತ್ತಿಕೊಂಡಿತ್ತು. ನಾಲ್ಕು ಊರು ಸುತ್ತಿದ್ದು ಈ ಒಂದು ಪ್ರಶ್ನೆಗೆ ಎಂದು ಅವಳಿಗೆ ಆಗ ತಿಳಿಯಿತು.

"ನಿಲ್ಲಿಸಿದ್ದಕ್ಕೆ" ಎಂದಳು. "ಮೂರು ವರ್ಷದಿಂದ ಎಲ್ಲಾ ಸಲವೂ ಹಂಗೇ."

"ಯಾಕೆ?"

"ಹುಳಕ್ಕೆ."

"ಜಂತುಹುಳಕ್ಕಾ?"

"ರೇಷ್ಮೆಹುಳಕ್ಕೆ ಮೇಡಂ."

ಅವಳು ಎಲ್ಲವನ್ನೂ ಹೇಳಿದಳು. ಡಾಕ್ಟರು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, "ನನ್ನ ಸರ್ವಿಸಿನಲ್ಲಿ ಮದುವೆಗೆ ಅಂತ ಕೇಳಿದ್ದೆ, ಜಾತ್ರೆಗೆ ಕೇಳಿದ್ದೆ. ಹುಳಕ್ಕೆ ಅಂತ ಇವತ್ತೇ" ಎಂದರು. ನಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಸ್ಕ್ಯಾನಿನಲ್ಲಿ ಕಂಡವು ಗುಳ್ಳೆಯಲ್ಲ, ಬೆಳೆಯದೆ ನಿಂತ ಮೊಟ್ಟೆಗಳು. ಕಾಯಿಲೆ ಇರುವುದು ನಿಜ, ಆದರೆ ಮೂರು ವರ್ಷ ಮಾತ್ರೆ ಸುರಿದು ಅದರ ಮುಖವನ್ನೇ ಮುಚ್ಚಿದ್ದಾರೆ. ಮೊದಲು ಅದನ್ನು ನಿಲ್ಲಿಸಬೇಕು, ರಕ್ತ ಪರೀಕ್ಷೆ ಮಾಡಿಸಬೇಕು. ಸುಮ್ಮನೆ ಬಿಟ್ಟರೆ ಸಕ್ಕರೆ ಕಾಯಿಲೆ ಬರುತ್ತದೆ, ಗರ್ಭಕೋಶದ ಒಳಪದರ ದಪ್ಪಗಟ್ಟಿ ಮುಂದೆ ಬೇರೆ ಅಪಾಯವೂ ಉಂಟು.

"ಪೂರ್ತಿ ವಾಸಿ ಆಗುತ್ತಾ ಮೇಡಂ?" ಎಂದಳು ಭಾನುಪ್ರಿಯ.

"ಇಲ್ಲ. ಹತೋಟಿಯಲ್ಲಿಡಬಹುದು. ಬಹಳ ಚೆನ್ನಾಗಿ ಇಡಬಹುದು. ಆದರೆ ಬಿಡದೆ ನೋಡಿಕೊಳ್ಳಬೇಕು. ಸಂಪೂರ್ಣ ಗುಣ ಅಂತ ಬೋರ್ಡ್ ಹಾಕಿದವರ ಹತ್ತಿರ ಹೋಗಬೇಡ."

ಮೆಟ್ಟಿಲು ಇಳಿಯುವಾಗ ತಾಯಿ ಬಾಯಿ ಬಿಟ್ಟಳು. "ವಾಸಿ ಮಾಡಕ್ಕೆ ಬರಾಕಿಲ್ಲ ಅಂತ ತಾನೇ ಒಪ್ಕತ್ತಾಳೆ. ಇವ್ಳ್ಯಾವ ಸೀಮೆ ಡಾಕ್ಟ್ರು? ನೀನ್ಯಾಕೆ ಅಷ್ಟುದ್ದ ಪುರಾಣ ಒದರ್ದೆ? ಇನ್ನೇನು ತಿಂಗ್ಳು ತಿಂಗ್ಳು ಜಗಲಿ ಮ್ಯಾಲೆ ಕೂತ್ಕತೀಯಾ? ಎರಡೆರಡು ಉಳದ ಮನೆ ಯಾರು ನೋಡಾರು, ನಿಮ್ಮಪ್ಪನಾ?"

"ಬ್ಯಾರೆಯವ್ರ ಮನೇಲಿ ಕೂತ್ಕಳಲ್ವಾ ಅವ್ವ?"

"ಅವ್ರ ಮನೆ ಬೆಳೆನೂ ನೋಡು, ನಮ್ಮನೆ ಬೆಳೆನೂ ನೋಡು. ಈ ಬೆಳೆ ಒಂದ್ ಮುಗೀಲಿ, ಆಮ್ಯಾಕೆ ನೋಡವ."

ಈ ಬೆಳೆ ಮುಗಿಯುವಷ್ಟರಲ್ಲಿ ಆ ಬೆಳೆ ಇರುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

ರಕ್ತ ಪರೀಕ್ಷೆಯ ವರದಿ ತೋರಿಸಲು ಮುಂದಿನ ಗುರುವಾರ ಭಾನುಪ್ರಿಯ ಒಬ್ಬಳೇ ಹೋದಳು. ಕಾಲೇಜಿನಲ್ಲಿ ಅಂಕಪಟ್ಟಿ ತರಬೇಕು ಎಂದು ಮನೆಯಲ್ಲಿ ಸುಳ್ಳು ಹೇಳಿದಳು. ಗಿರಿಜಾಂಬ ವರದಿ ನೋಡಿ, ಇಂಥದ್ದು ಜಾಸ್ತಿ, ಇಂಥದ್ದು ಕಮ್ಮಿ ಎಂದು ಬೆರಳಿಟ್ಟು ತೋರಿಸಿದರು. ಹೊಸ ಮಾತ್ರೆಯ ಚೀಟಿ ಬರೆದುಕೊಟ್ಟರು. "ಪಟ್ಟಿ ಮುಗಿದು ಎರಡು ಮೂರು ದಿನಕ್ಕೆ ಬರುತ್ತೆ. ಮಧ್ಯದಲ್ಲಿ ಯಾರ ಮಾತು ಕೇಳಿಯೂ ಬಿಡಬೇಡ. ಮೂರು ತಿಂಗಳಾದ ಮೇಲೆ ಬಾ."

ಹಳೆಯ ಮಾತ್ರೆಯನ್ನು ಚೀಟಿ ಇಲ್ಲದೆ ಮೂರು ವರ್ಷ ಕೊಟ್ಟಿದ್ದ ಅದೇ ಮೆಡಿಕಲ್ ಸ್ಟೋರಿನವನು ಈಗ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿದ. "ಇದು ಮಕ್ಳಾಗ್ದೇ ಇರಕ್ಕೆ ತಗೊಳ್ಳೋದಮ್ಮ. ಮದ್ವೆ ಆಯ್ತಾ ನಿಂಗೆ? ನಂಗೆ ಗೊತ್ತೇ ಇಲ್ವಲ್ಲ."

"ಆದಾಗ ಮೊದ್ಲು ನಿಮ್ಗೇ ಲಗ್ನಪತ್ರಿಕೆ ತಂದ್ಕೊಡ್ತೀನಿ. ಈಗ ಮಾತ್ರೆ ಕೊಡಿ" ಎಂದಳು ಭಾನುಪ್ರಿಯ.

ಹೊಸ ಪಟ್ಟಿಯನ್ನು ಹಳೆಯ ಕಾಲೇಜು ಬ್ಯಾಗಿನಲ್ಲಿಟ್ಟಳು. ಕಾಫಿ ಲೋಟದ ಪಕ್ಕದ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಹೋಗಿ ದನದ ಕೊಟ್ಟಿಗೆಯ ಗಂಜಲದ ಗುಂಡಿಗೆ ಉಗಿದಳು. ಹೊಸ ಪಟ್ಟಿ ಕರಗುತ್ತ ಬಂದ ಹಾಗೆ ಹುಳವೂ ದೊಡ್ಡದಾಗುತ್ತಿತ್ತು. ನಾಲ್ಕನೇ ಜ್ವರ ಎದ್ದಿತು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಅಲ್ಲಿ ಜ್ವರವೆನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಹುಳದ ಮನೆಯೊಳಗೆ ಸೊಪ್ಪು ತಿನ್ನುವ ಸದ್ದು ಹೊರಗೆ ಸೋನೆ ಮಳೆ ಹಿಡಿದಂತೆ ಕೇಳುತ್ತದೆ. ಮನೆಯವರು ಊಟ ಮಾಡುವುದನ್ನೂ ನಿಂತೇ ಮುಗಿಸುತ್ತಾರೆ.

ಹುಳ ಹಣ್ಣಾಗಲು ಶುರುವಾದ ಬೆಳಿಗ್ಗೆ ಅವಳಿಗೆ ಬಂತು.

ಹಣ್ಣಾದ ಹುಳ ಕಾಯುವುದಿಲ್ಲ. ಮೈ ಜೇನಿನ ಬಣ್ಣಕ್ಕೆ ತಿರುಗಿ ತಲೆ ಎತ್ತಿದ ಕೂಡಲೆ ಆರಿಸಿ ಚಂದ್ರಿಕೆಯ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟಿಯ, ಮೇಲೆ ಬಿಡಬೇಕು. ಬಿಡದಿದ್ದರೆ ಸೊಪ್ಪಿನ ಕಡ್ಡಿಯಲ್ಲೇ, ಹಿಕ್ಕೆಯ ಮೇಲೇ ಗೂಡು ಕಟ್ಟಿ ಕೆಡಿಸಿಬಿಡುತ್ತದೆ. ತಂದೆ ತಾಯಿ ಆಗಲೇ ಒಳಗಿದ್ದರು. ಭಾನುಪ್ರಿಯ ಹೊಸ್ತಿಲ ಆಚೆ ನಿಂತಳು.

"ಅವ್ವ, ಒಸಿ ಬಾ ಇಲ್ಲಿ."

"ಏನಮ್ಮಿ? ಒಳಿಕ್ ಬಂದು ಮಾತಾಡು, ಕೈಗೆ ಬಿಡುವಿಲ್ಲ ನಂಗೆ."

"ಬರಂಗಿಲ್ಲ. ಮುಟ್ಟಾಗಿವ್ನಿ."

ವೆಂಕಟಲಕ್ಷ್ಮಮ್ಮ ಅಂಗೈಯಲ್ಲಿ ಹುಳ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಮಗಳ ಮುಖ ನೋಡಿದಳು. ಹಟ್ಟಿಯ ಕಡೆ ನೋಡಿದಳು, ಬೀದಿಯ ಕಡೆ ನೋಡಿದಳು. ಯಾರೂ ಇರಲಿಲ್ಲ.

"ಬಾಯ್ ಮುಚ್ಕಂಡು ಒಳಿಕ್ ಬಾ" ಎಂದಳು.

ಭಾನುಪ್ರಿಯಳಿಗೆ ಮೊದಲು ಅರ್ಥವಾಗಲಿಲ್ಲ. ಬೈಗುಳಕ್ಕೆ, ಏಟಿಗೆ, ಅಳುವಿಗೆ ಅವಳು ತಯಾರಾಗಿ ಬಂದಿದ್ದಳು. ಇದಕ್ಕೆ ತಯಾರಿರಲಿಲ್ಲ.

"ಹುಳ ಕೆಡಾಕಿಲ್ವಾ?"

"ಕೆಟ್ರೆ ಕೆಡ್ತದೆ. ಬುಟ್ರೆ ಇನ್ನೂ ಕೆಡ್ತದೆ. ಯಾರಿಗ್ ಗೊತ್ತಾಗ್ತದೆ? ಬಟ್ಟೆ ಸರ್ಯಾಗಿ ಇಟ್ಕಂಡು ಬಾ, ಒತ್ತಾಯ್ತದೆ."

"ಅಂಗಾದ್ರೆ ಮೂರ್ ವರ್ಷ ಮಾತ್ರೆ ಯಾಕ್ ನುಂಗುಸ್ದೆ?"

ತಾಯಿ ತನ್ನ ಅಂಗೈ ನೋಡಿಕೊಂಡಳು. ಕೈಯಲ್ಲಿದ್ದ ಹುಳ ತಲೆ ಎತ್ತಿ ಗಾಳಿಯಲ್ಲಿ ಆ ಕಡೆ ಈ ಕಡೆ ಆಡಿಸುತ್ತ ನೂಲು ಬಿಡಲು ಜಾಗ ಹುಡುಕುತ್ತಿತ್ತು. "ಊರ್ ಬಾಯ್ಗೆ ಎದ್ರಿ ಕಣಮ್ಮಿ" ಎಂದಳು ಕೊನೆಗೆ. "ನಾನೇನು ದೇವ್ರ ಕಂಡಿದ್ನಾ? ನಮ್ಮತ್ತೆ ಹೇಳುದ್ಲು, ನಾನು ಮಾಡ್ದೆ. ಈಗ ಬಾ ಮಗ, ಆಮ್ಯಾಕೆ ಬೈಯ್ಯಂತೆ."

ಸ್ವರ ಮೆತ್ತಗಾಗಿತ್ತು. ಮೂರು ವರ್ಷದಲ್ಲಿ ತಾಯಿ ಅವಳನ್ನು ಮಗ ಎಂದು ಕರೆದದ್ದು ಅದೇ ಮೊದಲು. ಭಾನುಪ್ರಿಯ ಇನ್ನೇನು ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಅವಳಿಗೆ ಒಂದು ವಿಷಯ ಹೊಳೆಯಿತು. ಇವತ್ತು ಒಳಗೆ ಹೋದರೆ ಇನ್ನು ಯಾವತ್ತೂ ಹೊರಗಿಲ್ಲ. ಮುಟ್ಟಾದರೂ ಒಂದೇ, ಆಗದಿದ್ದರೂ ಒಂದೇ. ಕಟ್ಟು ಮುರಿದದ್ದು ತನಗೆ ಸಿಕ್ಕ ಬಿಡುಗಡೆಯಾಗುವುದಿಲ್ಲ, ಹುಳದ ಮನೆಗೆ ಸಿಕ್ಕ ಇನ್ನೂ ಮೂರು ದಿನದ ಕೂಲಿಯಾಗುತ್ತದೆ.

ಅವಳು ತಿರುಗಿ ನಡೆದಳು. ಮನೆಯ ಮುಂದಿನ ಜಗಲಿಯ ಮೇಲೆ ಚಾಪೆ ಹಾಸಿ, ಪಕ್ಕದಲ್ಲಿ ನೀರಿನ ಚೊಂಬಿಟ್ಟುಕೊಂಡು, ಬೀದಿಗೆ ಮುಖ ಮಾಡಿ ಕೂತಳು.

ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಹುಚ್ಚಯ್ಯ ನಿಂತ. "ಇದೇನವ್ವ, ನಿಮ್ಮನೇಲಿ ಉಳ ಅಣ್ಣಾಗೈತೆ ಅಂದ್ರು. ನೀನ್ ಇಲ್ಲಿ?"

"ಮುಟ್ಟಾಗಿವ್ನಿ ಕಣ್ ಹುಚ್ಚಯ್ಯಣ್ಣ" ಎಂದಳು ಭಾನುಪ್ರಿಯ, ಆಚೆ ಮನೆಗೂ ಕೇಳುವಷ್ಟು ಗಟ್ಟಿಯಾಗಿ.

ಹುಚ್ಚಯ್ಯ ಹೊರೆಯ ಸಮೇತ ಹಿಂದಕ್ಕೆ ಸರಿದ. ಅಷ್ಟರಲ್ಲಿ ಮುನಿಯಪ್ಪ ಒಳಗಿಂದ ಓಡಿ ಬಂದವನು ಹುಚ್ಚಯ್ಯನನ್ನು ಕಂಡು ಗಕ್ಕನೆ ನಿಂತ. ಬಾಯಿಗೆ ಬಂದದ್ದನ್ನು ಹಾಗೇ ನುಂಗಿದ. ಊರಲ್ಲಿ ಒಬ್ಬರಿಗೆ ಗೊತ್ತಾದ ಮೇಲೆ ಅವಳನ್ನು ಒಳಗೆ ಕರೆಯುವ ಹಾಗಿರಲಿಲ್ಲ. ಕರೆದರೆ ನಾಳೆ ಅವನ ಗೂಡಿನ ಬಗ್ಗೆ ಏನೇನು ಹುಟ್ಟುತ್ತದೋ.

ಮೂರು ದಿನ ಅವಳು ಜಗಲಿ ಬಿಡಲಿಲ್ಲ. ಹೊಟ್ಟೆ ಹಿಂಡುತ್ತಿತ್ತು, ಸೊಂಟ ಸೆಳೆಯುತ್ತಿತ್ತು. ಒಳಗೆ ತಂದೆ ತಾಯಿ ಒಬ್ಬರನ್ನೊಬ್ಬರು ಬೈದುಕೊಳ್ಳುವುದು, ಚಂದ್ರಿಕೆ ಎಳೆದಾಡುವುದು ಕೇಳುತ್ತಿತ್ತು. ತಾಯಿ ಸೊಂಟ ಹಿಡಿದುಕೊಂಡು ಅತ್ತಿತ್ತ ಓಡಾಡುವುದು ಕಾಣುತ್ತಿತ್ತು. ಎದ್ದು ಹೋಗೋಣ ಎಂದು ಅನ್ನಿಸದೇ ಇರಲಿಲ್ಲ. ಎದ್ದು ಹೋಗಲಿಲ್ಲ. ಎರಡನೇ ದಿನ ಮಧ್ಯಾಹ್ನ ಗೋಡೆಗೆ ಒರಗಿ ನಿದ್ದೆ ಹೋದಳು. ಬೆಳೆ ಒಳಗಿದ್ದಾಗ ಹಗಲಲ್ಲಿ ಅವಳು ಮಲಗಿದ್ದು ಅದೇ ಮೊದಲ ಸಲ.

ಕೈ ಸಾಲದೆ ಅರ್ಧಕ್ಕರ್ಧ ಹುಳ ಕಡ್ಡಿಯಲ್ಲೇ ಗೂಡು ಕಟ್ಟಿತು. ಎರಡೆರಡು ಹುಳ ಸೇರಿ ಒಂದೇ ಗೂಡು ಕಟ್ಟಿದವು. ಮಾರುಕಟ್ಟೆಯಲ್ಲಿ ಅದನ್ನು ಕೊಳ್ಳಲು ಬಂದವರು ಕೈಯಲ್ಲಿ ಅಲ್ಲಾಡಿಸಿ ಕೆಳಗಿಟ್ಟರು. ಊರು ಮಾತ್ರ ಕಾರಣವನ್ನು ತನ್ನ ರೀತಿಯಲ್ಲೇ ಕಂಡುಕೊಂಡಿತು. "ಆ ಹುಡುಗಿ ಮೊದ್ಲು ಗೊತ್ತಾಗ್ದೆ ಒಳಿಕ್ ಓಗಿರಬೇಕು ಕಣಪ್ಪ. ಆಮ್ಯಾಕೆ ಬಂದು ಜಗಲಿ ಮ್ಯಾಲೆ ಕೂತವ್ಳೆ." ಮೊದಲ ಸೊಪ್ಪು ಹಾಕಲು ಮತ್ತೆ ಯಾರೂ ಕರೆಯಲಿಲ್ಲ. ಹುಚ್ಚಯ್ಯ ಎದುರಿಗೆ ಸಿಕ್ಕರೆ ಬೀದಿಯ ಆಚೆ ಅಂಚು ಹಿಡಿದ. ತಾಯಿ ಹಳೆಯ ಬ್ಯಾಗು ತಡಕಿ ಪಟ್ಟಿಯನ್ನು ಹುಡುಕಿ ಒಲೆಗೆ ಹಾಕಿದಳು. ಭಾನುಪ್ರಿಯ ಇನ್ನೊಂದು ತಂದಳು. ಅದನ್ನು ಮೈಮೇಲೇ ಇಟ್ಟುಕೊಂಡು ಓಡಾಡಿದಳು.

ಮೂರು ತಿಂಗಳಾದ ಮೇಲಿನ ಗುರುವಾರ ಚನ್ನಪಟ್ಟಣಕ್ಕೆ ಹೋದಳು. ಮೆಟ್ಟಿಲ ಪಕ್ಕದ ತಗಡಿನ ಬೋರ್ಡು ಇರಲಿಲ್ಲ, ನಾಲ್ಕು ಮೊಳೆಯ ತೂತಷ್ಟೇ ಉಳಿದಿತ್ತು. ಅದರ ಮೇಲುಗಡೆ ಗುಂಡುಗುಂಡಗಿನ ಬಿಳಿ ಮಕ್ಕಳ ಹೊಸ ಫ್ಲೆಕ್ಸು. ಕನಕಪುರದವರು ಇಲ್ಲೂ ಒಂದು ಶಾಖೆ ತೆರೆಯುತ್ತಿದ್ದರು.

"ಗಿರಿಜಾಂಬ ಮೇಡಂ?" ಎಂದು ಲ್ಯಾಬಿನವನನ್ನು ಕೇಳಿದಳು.

"ನಿಂತೋಯ್ತಮ್ಮ. ಪೇಷೆಂಟೇ ಬರ್ತಿರಲಿಲ್ಲ. ಬಂದೋರಿಗೂ ವಾಸಿ ಆಗಲ್ಲ ಅಂತಿದ್ರು, ಯಾರು ಬರ್ತಾರೆ? ಈಗ ಬೆಂಗಳೂರಲ್ಲೇ ನೋಡ್ತಾರೆ." ಡ್ರಾಯರಿನಿಂದ ಒಂದು ಕಾರ್ಡು ತೆಗೆದು ಕೊಟ್ಟು, ಬೆರಳು ಮೇಲೆ ತೋರಿಸಿದ. "ಮುಂದಿನ ವಾರದಿಂದ ಇಲ್ಲೇ ಪಿಸಿಓಡಿಗೆ ದೊಡ್ಡ ಡಾಕ್ಟ್ರು ಬರ್ತಾರಲ್ಲ. ಅಷ್ಟು ದೂರ ಯಾಕೋಗ್ತೀರಿ?"

ರೈಲ್ವೆ ಸ್ಟೇಷನ್ನಿನಲ್ಲಿ ಬೆಂಗಳೂರಿನ ಗಾಡಿಗೆ ಕಾಯುತ್ತಿದ್ದಾಗ ಫೋನು ಬಂತು. ತಾಯಿ. ಆ ಕಡೆಯಿಂದ ಹುಳ ಸೊಪ್ಪು ತಿನ್ನುವ ಸೋನೆ ಮಳೆಯ ಸದ್ದು.

"ಎಲ್ಲಮ್ಮಿ ಓದೆ? ಉಳ ನಾಕ್ನೇ ಜ್ವರ ಎದ್ದದೆ, ಸೊಪ್ಪಾಕೋರಿಲ್ಲ. ಬಿರ್ರನೆ ಬಾ."

"ಮುಟ್ಟಾಗಿವ್ನಿ ಕಣವ್ವ."

"ಓದ್ ವಾರ ತಾನೆ ಆಗಿದ್ದೆ?"

"ಇದು ಇಂಗೇ ಆಯ್ತದಂತೆ. ಡಾಕ್ಟ್ರು ಹೇಳವ್ರೆ."

ಸುಳ್ಳೆಂದು ತಾಯಿಗೆ ಅನುಮಾನವಿದ್ದಿರಬೇಕು. ಆದರೆ ಪಕ್ಕದಲ್ಲಿ ಯಾರೋ ನೆರೆಮನೆಯವರ ದನಿ ಕೇಳುತ್ತಿತ್ತು, ಅವರೆದುರಿಗೆ ಕೇಳಬಹುದಾದ ಪ್ರಶ್ನೆ ಅವಳ ಹತ್ತಿರ ಇರಲಿಲ್ಲ. ಫೋನು ಇಟ್ಟಳು.

ಗಾಡಿ ಬಂತು. ಕೂರಲು ಜಾಗವಿರಲಿಲ್ಲ. ಭಾನುಪ್ರಿಯ ಬಾಗಿಲ ಪಕ್ಕ ಕಂಬಿ ಹಿಡಿದು ನಿಂತು, ಕಾರ್ಡಿನಲ್ಲಿದ್ದ ವಿಳಾಸವನ್ನು ಇನ್ನೊಂದು ಸಲ ಓದಿಕೊಂಡಳು.